ತೌಡಿಗೆ ಮಾರಿದ ಕೂಸಿನ ಜನನ ಪತ್ರ

ಹುಮನಾಬಾದಿನ ಕಚೇರಿಯಲ್ಲಿ ಜನನ ಪತ್ರದ ಪ್ರತಿಗೆ ಅರ್ಜಿ ಕೊಡುವಾಗ, ಪ್ರತಿ ಯಾತಕ್ಕೆ ಬೇಕು ಎಂದೂ ಒಂದು ಸಾಲು ಬರೆಯಬೇಕಿತ್ತು. 'ತಾಯಿಯ ಚಿಕಿತ್ಸೆಗೆ' ಎಂದು ಬರೆದೆ. ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ಹಳೆಯ ವಹಿ ತರಿಸಿ, ಪುಟ ತಿರುವಿ, ಬೆರಳಿಟ್ಟು ಓದಿ, ಆಮೇಲೆ ನನ್ನ ಮುಖ ನೋಡಿದ.

"ಅಕ್ಕಾರ, ಇದು ನಿಮ್ದಲ್ಲ ಕಾಣಸ್ತದ. ತಾರೀಖು ಬರೋಬ್ಬರಿ ಅದ, ತಂದಿ ಹೆಸರೂ ಬರೋಬ್ಬರಿ ಅದ. ತಾಯಿ ಬ್ಯಾರೆ ಯಾರೋ ಇದ್ದಾರ ನೋಡ್ರಿ."

"ನಂದೇ ಅದರಿ," ಎಂದೆ.

ಅವನ ಹುಬ್ಬು ಮೇಲೇರಿತು. ಸಾಲಿನಲ್ಲಿ ಹಿಂದೆ ನಿಂತವರ ಕಿವಿಯೂ ನೆಟ್ಟಗಾಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ನಮ್ಮಪ್ಪಗ ಒಬ್ಬಾಕಿನೇ ಹೆಂಡ್ತಿರಿ. ನೀವು ಏನೇನೋ ವಿಚಾರ ಮಾಡಬ್ಯಾಡ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಆ ವಹಿಯಲ್ಲಿ ತಾಯಿಯೆಂದು ಇದ್ದದ್ದು ತೌಡಿನವ್ವನ ಹೆಸರು. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಎರಡು ಕೂಸುಗಳೂ ಉಳಿಯಲಿಲ್ಲ. ನಮ್ಮ ಕಡೆ ಹಾಗಾದಾಗ, ಮುಂದಿನ ಕೂಸನ್ನು ಮಕ್ಕಳು ಉಳಿದ ಒಬ್ಬ ಹೆಂಗಸಿಗೆ ಒಂದು ಮೊರ ತೌಡಿಗೆ ಮಾರಿಬಿಡುತ್ತಾರೆ. ಕೂಸು ಪರರದ್ದಾಯಿತು, ಇನ್ನು ನಿನಗಿಲ್ಲಿ ಕೆಲಸವಿಲ್ಲ ಎಂದು ಸಾವಿಗೆ ಹೇಳುವ ರೀತಿ ಅದು. ಕೊಂಡವಳು ಕೂಸನ್ನು 'ನನಗಾಗಿ ಸಾಕು' ಎಂದು ಹೆತ್ತವಳ ಕೈಗೇ ಕೊಟ್ಟು ಹೋಗುತ್ತಾಳೆ. ಅವ್ವನ ತವರು ಹುಮನಾಬಾದ್. ಚೊಚ್ಚಲಿನಿಂದಲೂ ಬಾಣಂತನ ಅಲ್ಲೇ. ಅಜ್ಜಿಯ ಓಣಿಯಲ್ಲಿ ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದ ಒಬ್ಬಾಕೆ ನನ್ನನ್ನು ಕೊಂಡಳು. ಸಣ್ಣವಳಿದ್ದಾಗ ಆಕೆಗೆ ನಾನು ಇಟ್ಟ ಹೆಸರು ತೌಡಿನವ್ವ.

ಎಲ್ಲರ ಮನೆಯಲ್ಲಿ ಇದು ಅಷ್ಟಕ್ಕೇ ಮುಗಿಯುತ್ತದೆ. ನನ್ನ ಅಜ್ಜಿ ಅಷ್ಟಕ್ಕೆ ಬಿಡುವ ಪೈಕಿ ಅಲ್ಲ. ಹೆಸರು ಬರೆಸಲು ಹೋದಾಗ ತಾಯಿ ಯಾರೆಂದು ಕೇಳಿದ್ದಕ್ಕೆ ಕೊಂಡವಳ ಹೆಸರನ್ನೇ ಹೇಳಿ ಬಂದಳು. ಮಾರಿದ ಮೇಲೆ ಹೆತ್ತವಳ ಹೆಸರು ಬರೆಸಿದರೆ ಮಾರಿದ್ದು ಸುಳ್ಳಾಗುತ್ತದೆ, ಸಾವಿಗೆ ಗುರುತು ಹತ್ತುತ್ತದೆ ಎಂದು ಅವಳ ಲೆಕ್ಕ. ಅಪ್ಪ ಇದ್ದಾಗ ಅವ್ವ ಈ ಮಾತು ತೆಗೆದು ನಗುತ್ತಿದ್ದಳು, "ಸರ್ಕಾರದವರು ನಿಮಗ ಪುಕ್ಕಟೆ ಎರಡನೇ ಲಗ್ನ ಮಾಡ್ಯಾರ" ಎಂದು. ನಾನು ಶಾಲೆ ಕಲಿತೆ, ನಮ್ಮೂರು ಬಸವಕಲ್ಯಾಣದಲ್ಲೇ ಟೀಚರ್ ಆದೆ, ಮದುವೆಯಾದೆ. ಎಲ್ಲಿಯೂ ಆ ಪತ್ರ ಬೇಕಾಗಲಿಲ್ಲ. ಮದುವೆಯಲ್ಲಿ ಮೊದಲ ಸೀರೆ ಮಾತ್ರ ಪದ್ಧತಿಯಂತೆ ತೌಡಿನವ್ವನಿಗೆ ಹೋಯಿತು.

ಈಗ ಬೇಕಾಗಿತ್ತು. ಅವ್ವನ ಎರಡೂ ಕಿಡ್ನಿ ಕೆಟ್ಟಿದ್ದವು. ಡಯಾಲಿಸಿಸ್‌ಗೆಂದು ವಾರವಾರವೂ ಕಲಬುರಗಿಗೆ ಓಡಾಟ. ಹೋಗುವಾಗ ಹೇಗೋ ಕೂತಿರುತ್ತಿದ್ದಳು, ಬರುವಾಗ ಹಿಂಡಿದ ಬಟ್ಟೆ. ಅಪ್ಪ ತೀರಿಹೋಗಿದ್ದ, ಮಕ್ಕಳೆಂದರೆ ನಾನೊಬ್ಬಳೇ. ನನ್ನ ಕಿಡ್ನಿ ಹೊಂದುತ್ತದೆ ಎಂದು ಡಾಕ್ಟರು ಹೇಳಿದ ದಿನ ನಾನು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ಖುಷಿಗೆ. ತಾಯಿ ಮಗಳು ಎನ್ನುವುದಕ್ಕೆ ದಾಖಲೆಯಾಗಿ ನನ್ನ ಜನನ ಪತ್ರ ಕೊಡಿ ಎಂದರು. ಅದರಲ್ಲಿ ಬೇರೆ ಹೆಸರಿದೆ, ರಕ್ತದ ಪರೀಕ್ಷೆ ಇದೆಯಲ್ಲ ಎಂದದ್ದಕ್ಕೆ, ರಕ್ತ ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ ಕಿಡ್ನಿ ಕೊಡಲು ಅನುಮತಿ ಕೊಡುವ ಕಮಿಟಿಯವರು ಒಪ್ಪುವುದಿಲ್ಲ ಎಂದರು.

ಗುಮಾಸ್ತ ಕೆಟ್ಟವನಲ್ಲ. ನನ್ನ ಕಥೆ ಪೂರಾ ಕೇಳಿ, "ಜರಾ ಕೂಡ್ರಿ" ಎಂದು ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದ. "ಆ ಅಮ್ಮ ಇನ್ನಾ ಅದಾರಲ್ರಿ? ನಾ ಹಡದಿಲ್ಲ ಅಂತ ಸ್ಟಾಂಪ್ ಪೇಪರ್ ಮ್ಯಾಲ ಹೆಬ್ಬಟ್ಟು ಒತ್ತಲಿ. ನಿಮ್ಮ ಸಾಲಿ ಕಾಗದ ಹಚ್ಚೋಣ. ತಿದ್ದುಪಡಿ ಆಗ್ತದ."

ಇಷ್ಟೇನಾ ಎನಿಸಿತು. ಕೋರ್ಟಿನ ಹತ್ತಿರ ಕಾಗದ ಬರೆಸಿಕೊಂಡು ಅಲ್ಲಿಂದಲೇ ತೌಡಿನವ್ವನ ಮನೆಗೆ ನಡೆದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊಣಕಾಲಿನಿಂದಾಗಿ ಏಳಲಾರಳು, ಕೂತಲ್ಲಿಂದಲೇ ನನ್ನ ಗಲ್ಲ ಮುಟ್ಟಿ ನೆಟಿಕೆ ಮುರಿದಳು. ಎಲ್ಲ ಹೇಳಿದೆ. ಮೊರದ ಜೋಳವನ್ನು ಒಮ್ಮೆ ಕೇರಿ, "ತೌಡು ತಂದೀಯೇನು?" ಎಂದಳು.

"ಯಾವ ತೌಡು?"

"ನಾ ಕೊಟ್ಟಿದ್ದು. ಯಾಪಾರ ಮುರೀಬೇಕಂದ್ರ ತೌಡು ತಿರುಗಿ ಬರಬ್ಯಾಡೇನು?"

ನನಗೆ ತಲೆ ಕೆಟ್ಟಿತು. ಆದರೂ ಮುದುಕಿಯ ಕೂಡ ಏನು ವಾದ ಎಂದು, ಬಿಸಿಲಲ್ಲಿ ದನದ ಹಿಂಡಿ ಮಾರುವ ಅಂಗಡಿಗೆ ಹೋಗಿ ಚೀಲದಲ್ಲಿ ತೌಡು ತಂದು ಅವಳ ಮುಂದಿಟ್ಟೆ. ಆಕೆ ಮುಟ್ಟಲಿಲ್ಲ.

"ನೀ ಕೊಟ್ಟರ ನಡೆಯಂಗಿಲ್ಲ, ಯವ್ವಾ. ನೀ ಅಂದ್ರ ಮಾರಿದ ಕೂಸು. ಮಾರಿದಾಕಿ ಬಂದು ಕೊಡಬೇಕು."

ಚೀಲವನ್ನೂ ಹೊತ್ತುಕೊಂಡು ಬಸವಕಲ್ಯಾಣಕ್ಕೆ ಬಂದು ಅವ್ವನಿಗೆ ಹೇಳಿದೆ. ಅವ್ವ ಗೋಡೆಯ ಕಡೆ ಹೊರಳಿದಳು.

"ನಾ ಬರಂಗಿಲ್ಲ."

"ಯಾಕ?"

"ನೀ ಬದುಕಬೇಕಂತ ಮಾರೀನಿ. ಈಗ ನಾ ಬದುಕಬೇಕಂತ ತಿರುಗಿ ಕೊಳ್ಳಲೇನು? ಕೊಂಡು ಕೊಯ್ಸಲೇನು?"

"ಒಂದು ಕಿಡ್ನಿ ಮ್ಯಾಲೆ ಮಂದಿ ಆರಾಮ ಇರ್ತಾರಬೇ! ಡಾಕ್ಟರ್ ಹೇಳ್ಯಾರ!"

"ಡಾಕ್ಟರ್ ನನ್ನ ಎರಡೂ ಕೂಸು ಆರಾಮ ಅದಾವ ಅಂದಿದ್ದ."

ನಾನು ಹೇಳಬಾರದ್ದನ್ನೆಲ್ಲ ಹೇಳಿದೆ. ಹುಚ್ಚಿ ಎಂದೆ, ತೌಡಿಗೆ ಹೆದರಿ ಯಾರಾದರೂ ಸಾಯುತ್ತಾರೇನು ಎಂದೆ. ಊಟದ ತಾಟು ದೂಡಿದೆ. ಅವಳು ಗೋಡೆ ಬಿಟ್ಟು ಹೊರಳಲೇ ಇಲ್ಲ.

ಕಲಬುರಗಿಯಿಂದ ನಮ್ಮೂರಿಗೆ ಬರುವ ದಾರಿಯಲ್ಲೇ ಹುಮನಾಬಾದ್. ಪ್ರತಿ ಸಲವೂ ಬಾಡಿಗೆ ಕಾರು ಆ ಓಣಿಯ ತಿರುವಿಗೆ ಬಂದಾಗ ನಾನು ಅವಳ ಮುಖ ನೋಡುತ್ತಿದ್ದೆ, ಅವಳು ಕಣ್ಣು ಮುಚ್ಚುತ್ತಿದ್ದಳು. ತೌಡಿನ ಚೀಲ ಡಿಕ್ಕಿಯಲ್ಲೇ ಇರುತ್ತಿತ್ತು. ಒಂದು ಸಂಜೆ, ನಾನು ಕೇಳುವುದನ್ನೇ ಬಿಟ್ಟಿದ್ದಾಗ, "ನಿಲ್ಲಸ್ರಿ" ಎಂದು ಡ್ರೈವರನಿಗೆ ಹೇಳಿದಳು. ಭುಜ ಹಿಡಿದು ತೌಡಿನವ್ವನ ಮನೆಗೆ ನಡೆಸಿಕೊಂಡು ಹೋದೆ. ತೌಡಿನವ್ವನ ಎದುರು ಕೂಡಿಸಿ, ಚೀಲವನ್ನು ಅವ್ವನ ಮಡಿಲಲ್ಲಿಟ್ಟೆ. "ನೀ ಜರಾ ಚಾ ತಗೊಂಡು ಬಾ," ಎಂದಳು ತೌಡಿನವ್ವ.

ನಾನು ಹೋಗಬಾರದಿತ್ತು. ಚಹಾ ತಂದಾಗ ಚೀಲ ಅವ್ವನ ಮಡಿಲಲ್ಲೇ ಇತ್ತು, ಅದರ ಗಂಟು ಬಿಚ್ಚಿರಲಿಲ್ಲ. ಇಬ್ಬರ ಕಣ್ಣೂ ಒದ್ದೆ.

"ನಿಮ್ಮವ್ವ ಯಾಪಾರ ಮುರಿಯಾಕ ಬಂದಿಲ್ಲ," ಎಂದಳು ತೌಡಿನವ್ವ. "ಗಟ್ಟಿ ಮಾಡಾಕ ಬಂದಾಳ. ನಾ ಹೆಬ್ಬಟ್ಟು ಒತ್ತಂಗಿಲ್ಲ. ಮಾತು ಕೊಟ್ಟೀನಿ."

ಚಹಾದ ಗ್ಲಾಸುಗಳನ್ನು ನೆಲಕ್ಕೆ ಕುಕ್ಕಿದೆ. "ಒಬ್ಬಾಕಿನ ಕೊಲ್ಲಾಕತ್ತೀರಿ ನೀವಿಬ್ಬರೂ," ಎಂದು ಅಂಗಳದಲ್ಲಿ ನಿಂತು ಒದರಿದೆ. ನೆರೆಯವರು ಬಾಗಿಲಿಗೆ ಬಂದರು. ಅವ್ವ ಮಾತ್ರ ತೌಡಿನವ್ವನ ಕೈ ಹಿಡಿದು ಚಹಾ ಕುಡಿದಳು, ಅಷ್ಟೂ ಕುಡಿದಳು. ಅವಳಿಗೆ ನೀರು ಅಳೆದು ಕೊಡುವ ಪಥ್ಯ ಇತ್ತು. ಆ ದಿನ ಅದೂ ಇರಲಿಲ್ಲ. ಬರುವಾಗ ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ನಿದ್ದೆ ಮಾಡಿದಳು. ತೌಡನ್ನು ಮರುದಿನ ಪಕ್ಕದ ಮನೆಯ ಎಮ್ಮೆಗೆ ಕೊಟ್ಟಳು.

ಮಳೆಗಾಲ ಮುಗಿಯುವುದರೊಳಗೆ ಅವ್ವ ಹೋದಳು.

ಮಣ್ಣಿಗೆ ತೌಡಿನವ್ವ ಬಂದಳು, ಆ ಮೊಣಕಾಲು ಇಟ್ಟುಕೊಂಡು, ಬಸ್ಸಿನಲ್ಲಿ. ನಾನು ಮಾತಾಡಿಸಲಿಲ್ಲ. ಎಲ್ಲರೂ ಹೋದ ಮೇಲೆ ಅವಳು ಪಡಸಾಲೆಯಲ್ಲಿ ನನ್ನ ಹತ್ತಿರ ಸರಿದು ಕೂತಳು.

"ಆ ಕಾಗದ ಅದ ಏನು?"

"ಯಾಕ?"

"ತಾ. ಈಗ ಒತ್ತತೀನಿ."

ನನಗೆ ಅವಳನ್ನು ಎಳೆದು ಹೊರಗೆ ಹಾಕಬೇಕೆನಿಸಿತು. "ಈಗ ಏನು ಮಾಡಲಿ ಅದನ್ನ? ಉಪ್ಪು ಹಚ್ಚಿ ನೆಕ್ಕಲೇನು?"

ಅವಳು ಸಿಟ್ಟಾಗಲಿಲ್ಲ. ಕೈ ಚಾಚಿ ನನ್ನ ಸೀರೆಯ ಮೇಲಿಂದಲೇ ಬೆನ್ನಿಗೆ, ನಡುವಿಗೆ, ಎರಡೂ ಕಡೆ ಅಂಗೈ ಆಡಿಸಿದಳು, ಕೂಸಿಗೆ ಎರೆಯುವಾಗ ಆಡಿಸುವ ಹಾಗೆ.

"ಇನ್ನ ನಿನ್ನ ಯಾರೂ ಕೊಯ್ಯಂಗಿಲ್ಲ," ಎಂದಳು. "ಇನ್ನ ಆಕಿ ಹೆಸರು ಬರಸು. ಆಕೀನೇ ಹೇಳ್ಯಾಳ, ನಾ ಹೋದ ಮ್ಯಾಲ ನನ್ನ ಮಗಳನ್ನ ನನಗ ಕೊಡು ಅಂತ."

ಆ ಕಾಗದ ನನ್ನ ಶಾಲೆಯ ಚೀಲದಲ್ಲೇ ಇತ್ತು. ಮರುದಿನ ಅವಳೊಂದಿಗೇ ಹುಮನಾಬಾದಿಗೆ ಹೋದೆ. ಕೋರ್ಟಿನ ಹತ್ತಿರ ಅವಳು ಹೆಬ್ಬಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ನಾವಿಬ್ಬರೂ ಅಳುತ್ತಿದ್ದೆವು. ನನ್ನ ಅಳುವಿನಲ್ಲಿ ಅರ್ಧ ಸಿಟ್ಟೇ ಇತ್ತು. ಈಗಲೂ ಇದೆ.

ತಿದ್ದುಪಡಿಯಾಗಿದೆ ಎಂದು ಕೆಲವು ವಾರಗಳ ನಂತರ ಫೋನ್ ಬಂತು. ಅದೇ ಕಿಟಕಿ, ಅದೇ ಗುಮಾಸ್ತ. ಅವ್ವನ ಆರೋಗ್ಯ ಕೇಳಿದ, ಹೇಳಿದೆ. ಅವನು ತಲೆ ತಗ್ಗಿಸಿ ಹೊಸ ಅರ್ಜಿ ಕೊಟ್ಟ. ಯಾತಕ್ಕೆ ಬೇಕು ಎಂಬ ಸಾಲನ್ನು ಖಾಲಿ ಬಿಟ್ಟೆ.

"ಏನಾರ ಒಂದು ಬರೀಬೇಕಾಗ್ತದರಿ, ಅಕ್ಕಾರ. ಖಾಲಿ ಇದ್ರ ತಗೊಳಂಗಿಲ್ಲ."

ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತೆ. ಹಿಂದಿನವರು ಗೊಣಗಿದರು. 'ಇಟ್ಟುಕೊಳ್ಳಲು' ಎಂದು ಬರೆದುಕೊಟ್ಟೆ. ಅವನು ಓದಿ, ಏನೂ ಕೇಳದೆ ಶಿಕ್ಕಾ ಹೊಡೆದ.