ದಿಮ್ಮಿಗಳ ಮೇಲೆ ನಿಂತ ಜೀಪು

ಮೊನ್ನೆ ಟ್ರಂಕಿನಿಂದ ಸ್ವೆಟರು ತೆಗೆಯುವಾಗ ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ರೇಷ್ಮೆ ಸೀರೆ ನೆನಪಾಗುತ್ತದೇನೋ. ನನಗೆ ನೆನಪಾದದ್ದು ಒಂದು ಜೀಪು. ಇಲಿ ಸೇರದಿರಲೆಂದು ಅದರ ಸೀಟಿನ ಕೆಳಗೆಲ್ಲ ನನ್ನ ಕೈಯಿಂದ ಆ ಗುಳಿಗೆಗಳನ್ನು ಇಡಿಸಿದ ನಮ್ಮ ಡಾಕ್ಟರ್ ಬಾಯಾರು...

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಪುಣೆಯ ನಿಗಡಿಯಲ್ಲಿ ಬಾಡಿಗೆಗಿದ್ದು ಅಲ್ಲೇ ಹತ್ತಿರದ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದೆ. ಕೆಳಗಿನ ಮನೆ ಬಾಯಾರದು. ಧಾರವಾಡದ ಹೆಣ್ಣುಮಗಳು, ಒಬ್ಬರೇ ಇದ್ದರು. ವಾರಕ್ಕೊಮ್ಮೆ ಸಾಸವಡ ಊರಿನ ಆಚೆ, ಗುಡ್ಡದ ಮೇಲಿನ ಸಣ್ಣ ಹಳ್ಳಿಗಳಾದ ವಾಡಿಗಳಿಗೆ ತಮ್ಮ ಫೋರ್ ವೀಲ್ ಡ್ರೈವ್ ಜೀಪನ್ನು ತಾವೇ ಓಡಿಸಿಕೊಂಡು ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಅಲ್ಲಿಗೆ ಬಸ್ಸಿರಲಿಲ್ಲ. ಮಳೆಗಾಲದಲ್ಲಿ ಎತ್ತಿನ ಗಾಡಿಯೂ ಹೂತುಕೊಳ್ಳುವಂಥ ಕೆಸರು. ಆ ಜೀಪು ಮಾತ್ರ ಗುರುಗುಟ್ಟುತ್ತ ಹತ್ತಿಬಿಡುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವರ ಕಣ್ಣು ಕೈಕೊಟ್ಟವು. ಆಪರೇಷನ್ ಆಗಬೇಕು, ಅದಾದ ಮೇಲೂ ಬಹಳ ದಿನ ಸ್ಟಿಯರಿಂಗ್ ಮುಟ್ಟಬಾರದು ಎಂದು ಕಣ್ಣಿನ ಆಸ್ಪತ್ರೆಯವರು ಹೇಳಿ ಕಳಿಸಿದರು. ಬಾಯಾರು ಅತ್ತವರಲ್ಲ. ಮರು ರವಿವಾರ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಜೀಪನ್ನು ಕೆಡದಂತೆ ಕಟ್ಟಿಡುವ ಕೆಲಸಕ್ಕೆ ನನ್ನನ್ನು ಹಚ್ಚಿದರು.

ತಳದ ಕೆಸರು ಕೆರೆದು ತೊಳೆದು ಒಣಗಿಸಿದೆ. ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿಸಿದೆ. ಟ್ಯಾಂಕು ಖಾಲಿ ಬಿಟ್ಟರೆ ಒಳಗೆ ನೀರಾಡಿ ತುಕ್ಕು ಹಿಡಿಯುತ್ತದೆಂದು ಡೀಸೆಲ್ಲನ್ನು ಬಾಯಿಮಟ್ಟ ತುಂಬಿಸಿದರು. ಟೈರುಗಳು ನಿಂತಲ್ಲೇ ಚಪ್ಪಟೆಯಾಗದಂತೆ ಗಾಡಿಯನ್ನು ಎತ್ತಿ ನಿಲ್ಲಿಸಬೇಕಿತ್ತು. ಅದಕ್ಕೆಂದು ನಾನು ತಂದ ಇಟ್ಟಿಗೆಗಳು ಭಾರಕ್ಕೆ ಒಡೆಯುತ್ತವೆಂದು ವಾಪಸಾದವು. ಸಾ ಮಿಲ್ಲಿನಿಂದ ಮರದ ದಿಮ್ಮಿ ಹೊತ್ತು ತಂದೆ. ಬ್ಯಾಟರಿಯ ನಟ್ಟು ಬಿಚ್ಚುವಾಗ ಸ್ಪ್ಯಾನರು ಜಾರಿ ಬೆರಳಿನ ಗೆಣ್ಣು ಸುಲಿಯಿತು. ಬಾಯಾರು ಎದ್ದು ಬಂದು ಒಂದೊಂದನ್ನೂ ಕೈಯಾಡಿಸಿ ನೋಡಿ, ಗ್ರೀಸು ಸಾಲದೆಂದರು. ಇದ್ದೊಂದು ರಜೆ ಹಾಳಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿ.

ನಿಜವಾದ ಉರಿ ಶುರುವಾದದ್ದು ಆಮೇಲೆ. ವಾಡಿಗಳ ಕೆಲಸವನ್ನು ಒಬ್ಬ ತರುಣ ಡಾಕ್ಟರು ವಹಿಸಿಕೊಂಡಿದ್ದರು, ಮರಾಠಿಯವರು, ಒಳ್ಳೆಯ ಹುಡುಗ. ತನ್ನ ಮೋಟಾರ್ ಸೈಕಲ್ಲು ಮಳೆಯಲ್ಲಿ ಗುಡ್ಡ ಹತ್ತುವುದಿಲ್ಲ, ಜೀಪು ಕೊಡಿ ಎಂದು ಮತ್ತೆ ಮತ್ತೆ ಬಂದು ಕೇಳಿದರು. ಬಾಯಾರು ಚಹಾ ಕೊಟ್ಟು ಕಳಿಸುತ್ತಿದ್ದರು. ಮೊದಲನೆಯ ಆಪರೇಷನ್ ಫಲಿಸಲಿಲ್ಲ; ಎರಡನೆಯದೂ ಅಷ್ಟೇ. ಜೀಪು ಮಾತ್ರ ತಾಡಪತ್ರಿ ಹೊದ್ದು ದಿಮ್ಮಿಗಳ ಮೇಲೇ ನಿಂತಿತ್ತು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

“ಬಾಯಾರ, ಸುಮ್ಮ ನಿಂತ ಗಾಡಿಯಿಂದ ಯಾರಿಗೆ ಏನ್ ಉಪಯೋಗರಿ? ಕೊಟ್ಟುಬಿಡ್ರಿ.”

“ಕೊಟ್ಟರ, ಇನ್ನ ನನಗ ಕಾಣಂಗಿಲ್ಲ ಅಂತ ನಾನ ಒಪ್ಪಿಕೊಂಡಂಗ, ತಮ್ಮಾ. ಅಷ್ಟು ಲಗೂನ ಒಪ್ಪಾಕಿ ಅಲ್ಲ ನಾ.”

ಸಿಟ್ಟನ್ನು ನುಂಗಿಕೊಂಡು ಅವರ ಬ್ಯಾಟರಿಯನ್ನು ಚಾರ್ಜಿಗೆ ಒಯ್ದೆ.

ಮುಂದಿನ ಮಳೆಗಾಲದಲ್ಲಿ ವಾಡಿಯ ಹೆಂಗಸೊಬ್ಬಳು ಜ್ವರದ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಯಾರ ಮನೆ ಹುಡುಕಿಕೊಂಡು ಬಂದಳು. ತರುಣ ಡಾಕ್ಟರು ಗುಡ್ಡದ ಮೇಲೆ ಬಂದು ಬಹಳ ದಿನವಾಯಿತಂತೆ. ಗುಡ್ಡ ಇಳಿದು, ಸಾಸವಡದವರೆಗೆ ನಡೆದು, ಬಸ್ಸು ಬದಲಿಸಿ ಬಂದಿದ್ದಳು. ಬಾಯಾರು ನನ್ನನ್ನು ಕೂಗಿದರು. ಸ್ಟೆಥೊಸ್ಕೋಪಿಟ್ಟು ಮಗುವಿನ ಎದೆ, ಬೆನ್ನು ಕೇಳಿದರು. ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಮುಖ ಎತ್ತದೆ ನನಗೆ ಹೇಳಿದರು.

“ನಾಲಿಗಿ ಯಾವ ಬಣ್ಣ ಅದ, ನೋಡಿ ಹೇಳು ತಮ್ಮಾ. ಕಣ್ಣಿನ ಕೆಳಗ ಜಗ್ಗಿ ನೋಡು. ಕೆಂಪು ಅದನೋ, ಬೆಳ್ಳಗ ಅದನೋ...”

ನಾನು ನೋಡಿ ಹೇಳಿದೆ. ಒಂದು ಸಲ ಹೇಳಿದ್ದು ಅವರಿಗೆ ಸಾಲಲಿಲ್ಲ. ಮತ್ತೆ ಕೇಳಿದರು, ಮತ್ತೆ ಹೇಳಿದೆ. ನನ್ನ ಮಾತಿನ ಮೇಲೆ ಅವರಿಗೆ ಭರವಸೆ ಇರಲಿಲ್ಲ, ನನಗೂ ಇರಲಿಲ್ಲ. ಕೊನೆಗೆ ಚೀಟಿ ಬರೆಯಲು ನನಗೇ ಹೇಳಿ, ತಾಯಿ ಮಗುವನ್ನು ನನ್ನ ಜೊತೆ ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದರು. ಮಗು ಉಳಿಯಿತು.

ಆಸ್ಪತ್ರೆಯಿಂದ ನಾನು ಮರಳಿದಾಗ ಬಾಯಾರು ಪಾರ್ಕಿಂಗಿನಲ್ಲಿದ್ದರು. ತಾಡಪತ್ರಿಯ ಹಗ್ಗವನ್ನು ತಾವೇ ತಡವಿ ಬಿಚ್ಚಿದ್ದರು. “ಇಳಸು ಗಾಡಿ,” ಎಂದರು.

ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು. ತುಕ್ಕಿಲ್ಲ, ಇಲಿಯ ಹಲ್ಲಿನ ಗುರುತಿಲ್ಲ. ನಿನ್ನೆ ನಿಲ್ಲಿಸಿ ಹೋದ ಗಾಡಿಯ ಹಾಗಿತ್ತು. ಅದರಿಂದ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಇಷ್ಟು ದಿನ ಅಲ್ಲಿ ಓಡಬಹುದಾಗಿದ್ದ ಗಾಡಿ ಇಲ್ಲಿ ನಿಂತಿತ್ತಲ್ಲ ಎಂಬ ಸಂಕಟವೇ ಹೆಚ್ಚಾಯಿತು. ತರುಣ ಡಾಕ್ಟರು ಬಂದು ಕೀಲಿ ತೆಗೆದುಕೊಂಡರು, ತಾವೂ ಜೊತೆಗೆ ಬನ್ನಿ ಎಂದು ಅಂಗಲಾಚಿದರು. ಬಾಯಾರು ಬರುವುದಿಲ್ಲವೆಂದರು. ಕೆಸರಿನಲ್ಲಿ ಎಲ್ಲಿ ಗೇರು ಬದಲಿಸಬೇಕೆಂದಷ್ಟೇ ವಿವರವಾಗಿ ಹೇಳಿ, ಜೀಪು ಗೇಟು ದಾಟುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಕೊನೆಯತನಕ ಆ ಜೀಪಿನ ಸುದ್ದಿ ಎತ್ತಲಿಲ್ಲ. ಹೋದ ವರ್ಷ ಕೆಲಸದ ಮೇಲೆ ಆ ಕಡೆ ಹೋಗಿದ್ದೆ. ವಾಡಿಯವರೆಗೂ ಡಾಂಬರು ರಸ್ತೆಯಾಗಿದೆ, ಸ್ಕೂಟಿ ಸಹ ಹತ್ತುತ್ತದೆ.

ಅಷ್ಟು ಮೊಂಡುತನ ಯಾಕೆ ಮಾಡಿದಿರಿ ಎಂದು ಈಗಲೂ ಮನಸ್ಸಿನೊಳಗೇ ಅವರ ಜೊತೆ ಜಗಳ ತೆಗೆಯುತ್ತೇನೆ. ಎರಡೂ ಕಡೆಯ ಮಾತನ್ನು ನಾನೇ ಆಡಬೇಕು. ಧಾರವಾಡದ ಮಾತಿನಲ್ಲಿ ಒಂದೇ ಗದರಿಕೆಗೆ ನನ್ನ ಬಾಯಿ ಮುಚ್ಚಿಸುವವರು ಈ ಪುಣೆಯಲ್ಲಿ ಇನ್ನು ಯಾರಿದ್ದಾರೆ...