ಮಾವನವರ ಕಾರಿಗೆ ಹೊಸ ಎಂಜಿನ್

ಎಂಜಿನ್ ಮೊದಲ ಸಲ ಆಫ್ ಆದದ್ದು ಸವಳಂಗ ರಸ್ತೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನವುಲೆಯ ಕಡೆಯಿಂದ ನಾನು ಮತ್ತು ನನ್ನ ಗಂಡ ಆಲ್ಕೊಳದ ಮನೆಗೆ ವಾಪಸಾಗುತ್ತಿದ್ದೆವು. ಕಾರು ಕೆಮ್ಮಲಿಲ್ಲ, ನಡುಗಲಿಲ್ಲ, ಕರೆಂಟ್ ಹೋದ ಹಾಗೆ ಸುಮ್ಮನಾಯಿತು. ಹಿಂದಿನ ಬಸ್ಸಿನವನು ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ನನ್ನ ಅಂಗೈ ಎಷ್ಟು ಬೆವತಿತ್ತೆಂದರೆ ಸೆರಗಿಗೆ ಒರೆಸಿಕೊಳ್ಳದೆ ಕೀ ತಿರುಗಿಸಲು ಆಗಲಿಲ್ಲ. ತಿರುಗಿಸಿದರೂ ಪ್ರಯೋಜನವಾಗಲಿಲ್ಲ. ಹತ್ತು ನಿಮಿಷ ಬಿಟ್ಟು ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ನೀನೇ ಕ್ಲಚ್ ಬಿಟ್ಟಿರಬೇಕು ಎಂದರು ಗಂಡ.

ಕಾರು ನನ್ನ ಮಾವನವರದು. ದುಂಡು ಮೂತಿಯ, ಬಿಳಿ ಬಣ್ಣದ, ಬಾಗಿಲು ಹಾಕಿದರೆ ಬೀರು ಮುಚ್ಚಿದಂತೆ ಸದ್ದು ಮಾಡುವ ಹಳೆಯ ಗಾಡಿ. ಮಾವನವರು ಹೋದ ಮೇಲೆ ಅದರ ಎಂಜಿನ್ನೂ ಕೈಕೊಟ್ಟಿತು. ಗುಜರಿಗೆ ಹಾಕಿ ಎಂದು ನಾನೇ ಮೊದಲು ಹೇಳಿದವಳು. ನನ್ನ ಗಂಡ ಕೇಳಲಿಲ್ಲ. ಅಪಘಾತದಲ್ಲಿ ಜಜ್ಜಿಹೋದ ಹೊಸ ಡೀಸೆಲ್ ಕಾರೊಂದರ ಎಂಜಿನ್, ಗೇರ್ ಬಾಕ್ಸ್, ಅದರ ಕಂಪ್ಯೂಟರ್ ಎಲ್ಲವನ್ನೂ ಕೊಂಡು ತಂದು ಭದ್ರಾವತಿಯ ಒಬ್ಬ ಮೆಕ್ಯಾನಿಕ್ ಶೆಡ್ಡಿನಲ್ಲಿ ಇಳಿಸಿದರು. ಆ ಮೆಕ್ಯಾನಿಕ್ ಹಿಂದೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಮನೆಮಾತು ತಮಿಳು, ಹೊರಗೆ ನಮಗಿಂತ ಚೆನ್ನಾಗಿ ಕನ್ನಡ. ನಾಲ್ಕು ತಿಂಗಳು ಕುಟ್ಟಿ, ಕತ್ತರಿಸಿ, ವೈರ್ ಎಳೆದು, ಮುದುಕನ ಎದೆಯಲ್ಲಿ ಹುಡುಗನ ಗುಂಡಿಗೆ ಕೂರಿಸಿದ. ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಹೊಸ ಎಂಜಿನ್ ನಂಬರೂ ಬಿತ್ತು.

ಆ ನಾಲ್ಕು ತಿಂಗಳಲ್ಲೇ ನನ್ನ ಗಂಡನ ಕಣ್ಣು ಹೋಯಿತು. ಪೂರ್ತಿ ಅಲ್ಲ. ಸಕ್ಕರೆ ಕಾಯಿಲೆ ನಡುಭಾಗವನ್ನು ತಿಂದುಹಾಕಿ ಅಂಚನ್ನು ಉಳಿಸಿತ್ತು. ಎದುರಿಗೆ ನಿಂತವರ ಮುಖ ಕಾಣದು, ಅವರ ಪಕ್ಕದ ಬಾಗಿಲ ಚೌಕಟ್ಟು ಕಾಣುತ್ತದೆ. ಇದು ಡಾಕ್ಟರಿಗೆ ಗೊತ್ತು, ನನಗೆ ಗೊತ್ತು. ಬೇರೆ ಯಾರಿಗೂ ತಿಳಿಯಬಾರದು ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಬೀದಿಯಲ್ಲಿ ದನಿ ಕೇಳಿ ಗುರುತು ಹಿಡಿದು ನಗುತ್ತಿದ್ದರು, ಪೇಪರನ್ನು ಮುಖದ ಮುಂದೆ ಹಿಡಿದು ಕೂರುತ್ತಿದ್ದರು. ನಾನು ಭದ್ರಾವತಿಯ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡುವವಳು. ಹೆಂಡತಿ ಬಸ್ಸಿನಲ್ಲಿ ನೇತಾಡುವುದು ಬೇಡ ಎಂದು ಕಾರು ಬಿಟ್ಟುಕೊಟ್ಟಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಕಲಿಸಿದವನು ನನ್ನನ್ನು ಒಮ್ಮೆಯೂ ಹೊಗಳಲಿಲ್ಲ.

"ಈ ಕಾರು ಓಡೋದು ನಿಂತ ದಿನ ನನ್ನ ವಿಷಯ ಎಲ್ಲರಿಗೂ ಗೊತ್ತಾಗುತ್ತೆ ಕಣೇ," ಎಂದು ಒಂದು ಸಂಜೆ ಅವರು ಹೇಳಿದ್ದರು. ಸುಳ್ಳೇನಲ್ಲ. ನಾನು ಮತ್ತೆ ಬಸ್ ಹತ್ತಿದರೆ, ಮನೆ ಮುಂದೆ ಕಾರಿದೆ, ಮನೆಯಲ್ಲಿ ಗಂಡಸಿದ್ದಾರೆ, ಅವರ್‍ಯಾಕೆ ಬಿಟ್ಟುಬರುವುದಿಲ್ಲ ಎಂದು ನಮ್ಮ ಬೀದಿಯವರು ಒಂದು ವಾರವೂ ಸುಮ್ಮನಿರುತ್ತಿರಲಿಲ್ಲ. ಕಾರು ಓಡುವಷ್ಟು ದಿನ ಅವರ ಗುಟ್ಟು ಗುಟ್ಟಾಗಿರುತ್ತಿತ್ತು. ಅದನ್ನು ಓಡಿಸಬೇಕಾದವಳು ನಾನು.

ಎರಡನೆಯ ಸಲ ನಿಂತದ್ದು ತುಂಗಾ ಸೇತುವೆಯ ಮೇಲೆ. ಅಂದು ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬದಲಾಯಿಸಿದ. ಮೂರನೆಯ ಸಲಕ್ಕೆ ರಿಲೇ ಬದಲಾಯಿಸಿದ. ನಾಲ್ಕನೆಯ ಸಲಕ್ಕೆ ಅರ್ತ್ ವೈರ್ ಸಡಿಲವಿರಬೇಕು ಎಂದು ಚಾಸಿಯ ತುಕ್ಕು ಉಜ್ಜಿ ಹೊಸದಾಗಿ ಬಿಗಿದ. ಪುಟ್ಟ ಸ್ಕ್ಯಾನರ್ ಚುಚ್ಚಿ ಫೋನಿನಲ್ಲಿ ಓದಿ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಒಂದು ಕ್ಷಣ ಮಾತು ನಿಲ್ಲಿಸುತ್ತಿದೆ, ಮಾತು ನಿಂತರೆ ಕಂಪ್ಯೂಟರ್ ಡೀಸೆಲ್ ಬಂದ್ ಮಾಡುತ್ತದೆ ಎಂದ. ಸೆನ್ಸರೂ ಹೊಸದು ಬಂತು. ಅವನು ಪಕ್ಕದಲ್ಲಿ ಕೂತು ನನ್ನನ್ನು ಭದ್ರಾವತಿಯ ಸುತ್ತ ಒಂದು ಗಂಟೆ ಓಡಿಸಿದ. ಡಾಕ್ಟರ ಮುಂದೆ ಮಾಯವಾಗುವ ಹಲ್ಲುನೋವಿನ ಹಾಗೆ ಕಾರು ಒಮ್ಮೆಯೂ ನಿಲ್ಲಲಿಲ್ಲ. ಅವನ ಮುಖದಲ್ಲಿ ನನ್ನ ಬಗ್ಗೆ ಅನುಮಾನ ಕಂಡಿತು. ನನಗೂ ನನ್ನ ಬಗ್ಗೆ ಅನುಮಾನ ಶುರುವಾಗಿತ್ತು.

ಆಮೇಲೆ ಬಂತು ಮಾಚೇನಹಳ್ಳಿಯ ದಿನ. ಹೆದ್ದಾರಿಯ ಇಳಿಜಾರಿನಲ್ಲಿ ಹೋಗುತ್ತಿದ್ದೆ. ಮುಂದೆ ಟ್ರ್ಯಾಕ್ಟರ್, ಹಿಂದೆ ಲೋಡ್ ತುಂಬಿದ ಲಾರಿ. ಎಂಜಿನ್ ಸುಮ್ಮನಾಯಿತು. ಬ್ರೇಕ್ ಒತ್ತಿದೆ, ಒಮ್ಮೆ ಹಿಡಿಯಿತು. ಮತ್ತೆ ಒತ್ತಿದಾಗ ಪೆಡಲ್ ಕಲ್ಲಾಗಿತ್ತು. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ನಿಲ್ಲುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಎರಡೂ ಕಾಲಿಟ್ಟು, ಸೀಟಿನಿಂದ ಎದ್ದು ನಿಂತಂತೆ ತುಳಿದೆ. ಕಾರು ಟ್ರ್ಯಾಕ್ಟರ್‌ನ ಪಕ್ಕಕ್ಕೆ ಸರಿದು, ಮಣ್ಣಿಗಿಳಿದು ನಿಂತಿತು. ಲಾರಿ ನನ್ನ ಕನ್ನಡಿಯನ್ನು ಸವರಿಕೊಂಡು ಹೋಯಿತು. ನಾನು ಬಾಗಿಲು ತೆಗೆದು ಬೆಳಿಗ್ಗೆ ತಿಂದ ಉಪ್ಪಿಟ್ಟನ್ನೆಲ್ಲ ರಸ್ತೆ ಬದಿಯಲ್ಲಿ ಕಾರಿಕೊಂಡೆ. ಶಾಲೆಯಲ್ಲಿ ಆ ದಿನ ಎಂಟನೆಯ ತರಗತಿಗೆ ರಾಮ ಶಬ್ದ ಬರೆಸುತ್ತಿದ್ದಾಗ ಸೀಮೆಸುಣ್ಣ ಮೂರು ಸಲ ಮುರಿಯಿತು.

ಮನೆಯಲ್ಲಿ ಹೇಳಲಿಲ್ಲ. ಕಾರು ಹೇಗಿದೆ ಎಂದು ಅವರು ಕೇಳಿದರು, ಚೆನ್ನಾಗಿದೆ ಎಂದೆ. ಹೇಳಿದ್ದರೆ ಆ ಕ್ಷಣವೇ ಕೀ ಕಿತ್ತುಕೊಳ್ಳುತ್ತಿದ್ದರು, ಅಷ್ಟು ಒಳ್ಳೆಯವರು. ಆಮೇಲೆ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ಬೀದಿಯ ಪ್ರಶ್ನೆಗಳಿಗಾಗಿ ಕಾಯುತ್ತಿದ್ದರು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಭಾನುವಾರ ಮಾತ್ರ ಸರಿಯಾಗಿ ಊಟ ಸೇರುತ್ತಿತ್ತು.

ಹೆದರಿದವಳು ಏನು ಮಾಡುತ್ತಾಳೆ? ನಾನು ಪೂಜೆ ಹೆಚ್ಚಿಸಿದೆ.

ನಮ್ಮ ಮನೆಯಲ್ಲಿ ಕಾರಿಗೆ ಪೂಜೆ ಆಯುಧಪೂಜೆಗೆ ಮಾತ್ರ ಅಲ್ಲ, ಪ್ರತಿ ಶುಕ್ರವಾರವೂ ಉಂಟು. ಅದೂ ಬಾನೆಟ್ಟಿಗಲ್ಲ. ಮಾವನವರು ಬಾನೆಟ್ ಎತ್ತಿ ಎಂಜಿನ್ನಿಗೇ ಗಂಧ, ಕುಂಕುಮ ಹಚ್ಚಿ, ಹೂವಿಟ್ಟು, ಉದ್ಧರಣೆಯಿಂದ ತೀರ್ಥ ಪ್ರೋಕ್ಷಣೆ ಮಾಡುತ್ತಿದ್ದರು. ದೇವರನ್ನು ಬಿಟ್ಟು ಮಂಟಪಕ್ಕೆ ಪೂಜೆ ಮಾಡುತ್ತೀರಾ ಎಂದು ಕೇಳುತ್ತಿದ್ದರು. ಹಳೆಯ ಎಂಜಿನ್ ಕಬ್ಬಿಣದ ಒಲೆಯಂತಿತ್ತು, ಕೊಡ ನೀರು ಸುರಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಹೊಸದಕ್ಕೆ ಮೇಲೊಂದು ಪ್ಲಾಸ್ಟಿಕ್ ಮುಚ್ಚಳವಿತ್ತು. ಪ್ಲಾಸ್ಟಿಕ್ಕಿಗೆ ಕುಂಕುಮವಿಡಲು ನನಗೆ ಮನಸ್ಸು ಒಪ್ಪಲಿಲ್ಲ. ಎಳೆದರೆ ಕಿತ್ತುಬರುತ್ತಿತ್ತು, ಕಿತ್ತೆ. ಒಳಗೆ ನಡುವೆ ಸಮತಟ್ಟಾದ ಒಂದು ಜಾಗ ಸಿಕ್ಕಿತು, ಅಲ್ಲೇ ಹಚ್ಚಿದೆ. ಮಾಚೇನಹಳ್ಳಿಯ ನಂತರ ಶುಕ್ರವಾರದ ಪೂಜೆ ದಿನವೂ ಆಯಿತು. ಕಾರು ಮತ್ತೆ ನಿಂತ ಮೇಲೆ ಒಂದು ಉದ್ಧರಣೆಯ ತೀರ್ಥ ಮೂರಾಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಶೆಡ್ಡಿಗೆ ಕಾರು ಬಿಡುವ ಹಿಂದಿನ ಸಂಜೆ ನಾನು ಎಂಜಿನ್ನನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸುತ್ತಿದ್ದೆ. ಮನೆ ಗುಡಿಸದೆ ನೆಂಟರನ್ನು ಕರೆಯುವವಳಲ್ಲ ನಾನು. ಮೆಕ್ಯಾನಿಕ್ ಬಾನೆಟ್ ಎತ್ತಿದಾಗ ಬಾಡಿದ ಹೂವು, ಹರಡಿದ ಕುಂಕುಮ ಕಾಣಬಾರದು ಎಂಬುದು ನನ್ನ ಮರ್ಯಾದೆ. ಸಾರ್ ಗಾಡೀನ ಎಷ್ಟು ಕ್ಲೀನಾಗಿ ಇಟ್ಟಿದ್ದಾರೆ ಎಂದು ಅವನು ಒಮ್ಮೆ ಮೆಚ್ಚಿಕೊಂಡಿದ್ದ. ನಾನು ಉಬ್ಬಿದ್ದೆ.

ಕೊನೆಯ ಸಲ ನಿಂತದ್ದು ಭದ್ರಾವತಿ ಪೇಟೆಯ ಬಾಯಲ್ಲೇ, ಶಾಲೆಯ ಗಂಟೆ ಹೊಡೆಯಲು ಕಾಲು ಗಂಟೆ ಇರುವಾಗ. ಅಂದು ಮನೆಯಲ್ಲಿ ಪೂಜೆ ಜೋರಾಗಿಯೇ ಆಗಿತ್ತು. ಫೋನ್ ಮಾಡಿದೆ. ಮೆಕ್ಯಾನಿಕ್ ಸ್ಕೂಟರಿನಲ್ಲಿ ಬಂದು ಮುಚ್ಚಳ ಕಿತ್ತ. ಒರೆಸಿಡಲು ನನಗೆ ಹಿಂದಿನ ಸಂಜೆ ಸಿಕ್ಕಿರಲಿಲ್ಲ.

ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ನಾನು ಹತ್ತಿರ ಹೋಗಿ ನೋಡಿದೆ. ಕೆಂಪು ಕೆಸರಿನ ನಡುವೆ ಒಂದು ಕಣಗಿಲೆ ಹೂವು ಬೆಂದು ಕಪ್ಪಾಗಿತ್ತು. ಅದರ ಪಕ್ಕದಲ್ಲಿ ಬೆರಳು ಗಾತ್ರದ ಒಂದು ಸಾಕೆಟ್. ಸೆನ್ಸರಿನ ವೈರ್ ಹಳೆಯ ಬಾಡಿಯಲ್ಲಿ ಸಾಲದೆ ಬಂದುದರಿಂದ ಅವನೇ ಇನ್ನೊಂದು ವೈರ್ ಜೋಡಿಸಿ, ಜೋಡಣೆಯನ್ನು ಅಲ್ಲಿ ಕೂರಿಸಿದ್ದನಂತೆ. ಸಾಕೆಟ್ ಬಿಚ್ಚಿದ. ಒಳಗಿನ ತಾಮ್ರದ ಮುಳ್ಳುಗಳು ಹುಣಸೆಹಣ್ಣು ಕಾಣದ ದೇವರ ಪಾತ್ರೆಯಂತೆ ಹಸಿರುಗಟ್ಟಿದ್ದವು. ಮುಳ್ಳಿನ ಬುಡದಲ್ಲಿ ಕುಂಕುಮ ಹೆಪ್ಪುಗಟ್ಟಿತ್ತು. ಎಂಜಿನ್ ಬಿಸಿಯೇರಿದಾಗ ಸಂಪರ್ಕ ಬಿಡುತ್ತದೆ, ತಣ್ಣಗಾದಾಗ ಹಿಡಿಯುತ್ತದೆ, ಇಷ್ಟೇ ವಿಷಯ ಎಂದ.

ಲಾರಿ ಕಣ್ಣ ಮುಂದೆ ಬಂತು. ಅದರ ಚಕ್ರದ ಕೆಳಗೆ ನನ್ನನ್ನು ತಳ್ಳುತ್ತಿದ್ದವಳು ನಾನೇ, ದಿನಾ ಬೆಳಿಗ್ಗೆ, ಮಡಿಯುಟ್ಟು.

"ಮೇಡಂ, ಇದನ್ನ ಇಲ್ಲಿ ಯಾರು ಇಟ್ಟಿದ್ದು?" ಎಂದು ಕೇಳಿದ.

"ನಮ್ಮ ಯಜಮಾನರು," ಎಂದೆ.

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಮೂವತ್ತು ವರ್ಷದಿಂದ ಮಕ್ಕಳಿಗೆ ಸತ್ಯಂ ವದ ಹೇಳಿಕೊಟ್ಟ ಬಾಯಿ ಇದು. ನಾಚಿಕೆಯೋ, ಹೆದರಿಕೆಯೋ, ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ.

ಸಾರ್‌ಗೆ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಾಳೆ ಮತ್ತೆ ಇಡುತ್ತಾರೆ ಎಂದು ಅವನು ಫೋನ್ ಹಚ್ಚಿದ. ಕೈಯೆಲ್ಲ ಗ್ರೀಸ್ ಆಗಿದ್ದರಿಂದ ಸ್ಪೀಕರ್ ಹಾಕಿ ಮಡ್‌ಗಾರ್ಡಿನ ಮೇಲಿಟ್ಟ. ನಾನು ತಡೆಯಬೇಕಿತ್ತು. ರಸ್ತೆಯ ಮೇಲೆ ಅಷ್ಟು ಹೆದರಿದ್ದೆನಲ್ಲ, ಆ ಫೋನಿನ ರಿಂಗ್ ಕೇಳುತ್ತಾ ನಿಂತಾಗ ಅದಕ್ಕಿಂತ ಹೆಚ್ಚು ಹೆದರಿದೆ. ಮನೆಯಲ್ಲಿ ಪೂಜೆ ಮಾಡುವವರು ಯಾರೆಂದು ಅವರಿಗೆ ಗೊತ್ತು. ಬಾನೆಟ್ ಎತ್ತುವ ಸದ್ದು ಅವರಿಗೆ ದಿನವೂ ಕೇಳುತ್ತಿತ್ತು. ಒಂದು ಮಾತಿನಲ್ಲಿ ನಾನು ಸುಳ್ಳಿಯಾಗಿ, ಒಬ್ಬ ಮೆಕ್ಯಾನಿಕ್ ಮುಂದೆ ಬೀದಿಯಲ್ಲಿ ನಿಲ್ಲಬೇಕಾಗುತ್ತಿತ್ತು.

ಮೆಕ್ಯಾನಿಕ್ ನಯವಾಗಿ ವಿವರಿಸಿದ. ಅಲ್ಲಿ ಸಾಕೆಟ್ ಇಟ್ಟಿದ್ದು ತನ್ನದೂ ತಪ್ಪು ಎಂದ. ನೀವು ಕುಂಕುಮ ಇಟ್ಟಿದ್ದೀರಂತೆ, ಮೇಡಂ ಹೇಳಿದರು ಎಂದ. ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಫೋನಿನಲ್ಲಿ ಕೇಳಿಸುತ್ತಿತ್ತು.

"ಹೌದಪ್ಪ, ನಾನೇ ಇಟ್ಟಿದ್ದು," ಎಂದರು ನನ್ನ ಗಂಡ. "ನನಗೆ ಕಣ್ಣು ಕಾಣಲ್ಲ. ಎಲ್ಲಿ ಇಡ್ತಿದೀನಿ ಅಂತ ಗೊತ್ತಾಗಲಿಲ್ಲ. ನಮ್ಮಾಕೆ ಗಾಬರಿಯಾಗಿರ್ತಾಳೆ, ಒಂದು ಲೋಟ ಕಾಫಿ ಕುಡಿಸು ಮಾರಾಯ."

ಫೋನ್ ಕಟ್ ಆಯಿತು. ಎರಡು ವರ್ಷ ಹಲ್ಲು ಕಚ್ಚಿ ಕಾಪಾಡಿಕೊಂಡದ್ದನ್ನು, ನಾನು ಲಾರಿಯ ಮುಂದೆ ಹೋಗಿ ಕಾಪಾಡಿದ್ದನ್ನು, ಅವರು ನನ್ನದೊಂದು ಸಣ್ಣ ಸುಳ್ಳನ್ನು ಮುಚ್ಚಲು ಹಾಗೆ ತೆಗೆದುಕೊಟ್ಟುಬಿಟ್ಟರು. ನಾನು ನಡುಬೀದಿಯಲ್ಲಿ ಅತ್ತೆ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯರು ಸೈಕಲ್ ನಿಧಾನ ಮಾಡಿ ನೋಡುತ್ತಾ ಹೋದರು.

"ಕುಂಕುಮ ಇಟ್ಟಿದ್ದು ನಾನು," ಎಂದೆ ಮೆಕ್ಯಾನಿಕ್‌ಗೆ. "ಅವರು ನನಗೋಸ್ಕರ ಸುಮ್ನೆ ಹೇಳಿದ್ದು. ಅವರ ಕಣ್ಣು ಚೆನ್ನಾಗೇ ಇದೆ."

ಅವನು ಸಾಕೆಟ್ಟನ್ನು ಕತ್ತರಿಸಿ ತೆಗೆದು, ವೈರುಗಳನ್ನು ಬೆಸೆದು, ರಬ್ಬರ್ ಕೊಳವೆ ಹೊದಿಸಿದ. ಕೊನೆಗೆ ಕೈ ಒರೆಸಿಕೊಳ್ಳುತ್ತಾ ಅಂದ: "ಸಾರ್ ಕಣ್ಣಿನ ವಿಷಯ ನನಗೆ ಗೊತ್ತು ಮೇಡಂ. ಡೆಲಿವರಿ ದಿನವೇ ಗೊತ್ತಾಯ್ತು. ನಾನು ಎಂಜಿನ್ ತೋರಿಸ್ತಿದ್ದೆ, ಅವರು ಪಕ್ಕದ ಗೋಡೆ ನೋಡಿ ತುಂಬ ಚೆನ್ನಾಗಿದೆ ಅಂದ್ರು. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ."

ಸಂಜೆ ಮನೆಗೆ ಓಡಿಸಿಕೊಂಡು ಬಂದೆ. ಕಾರು ನಿಲ್ಲಲಿಲ್ಲ. ಮಾಚೇನಹಳ್ಳಿಯಲ್ಲಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಈಗಲೂ ಹೋಗುತ್ತದೆ. ಗೇಟಿನಲ್ಲಿ ಅವರು ನಿಂತಿದ್ದರು, ಮುಖ ಕಾರಿನ ಸದ್ದಿನ ಕಡೆಗಿತ್ತು. ಇಳಿದವಳೇ ಹೇಳಿದೆ, ಕುಂಕುಮ ಇಟ್ಟವಳು ನಾನೇ ಎಂದು ಅವನಿಗೆ ಒಪ್ಪಿಕೊಂಡೆ, ನಿಮ್ಮ ಕಣ್ಣು ಚೆನ್ನಾಗಿದೆ ಎಂದೂ ಹೇಳಿದೆ ಎಂದು. ಅವರು ಗೇಟಿನ ಚಿಲಕವನ್ನು ಬೆರಳಲ್ಲಿ ಹುಡುಕಿ ಹಾಕಿದರು.

"ನಂಬಿದನಾ?" ಎಂದು ಕೇಳಿದರು.

"ನಂಬಿದ," ಎಂದೆ.