ಬೆಳ್ಳಿ ಹೆಣ್ಣಿನ ಮೂಗು

ಹನಾವ್ ಊರಿಗೆ ರೈಲು ಬಂದು, ಅಲ್ಲಿನ ಬೆಳ್ಳಿ ಸಾಮಾನು ದೂರದೂರಿಗೆ ಹೋಗತೊಡಗಿದ ಕಾಲ. ಕುಸುರಿ ಕೆಲಸದ ಲೊರೆಂಟ್ಸ್‌ಗೆ ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಆದರೆ ಅವನು ಮಾಡುತ್ತಿದ್ದದ್ದು ಮದುವೆಯ ಬಟ್ಟಲುಗಳನ್ನೇ. ಗಂಟೆಯಂಥ ಲಂಗ ತೊಟ್ಟ ಬೆಳ್ಳಿಯ ಹೆಣ್ಣು, ಮೇಲೆತ್ತಿದ ಕೈಗಳಲ್ಲಿ ತೂಗಾಡುವ ಪುಟ್ಟ ಲೋಟ. ತಲೆಕೆಳಗು ಮಾಡಿದರೆ ಲಂಗವೇ ದೊಡ್ಡ ಬಟ್ಟಲು; ಲೋಟ ಮಾತ್ರ ತಿರುಗಿ ನೆಟ್ಟಗೇ ನಿಲ್ಲುತ್ತದೆ. ಎರಡಕ್ಕೂ ವೈನ್ ತುಂಬುತ್ತಾರೆ. ಪುಟ್ಟದರಲ್ಲಿರುವ ಮದುಮಗಳ ಪಾಲು ಚೆಲ್ಲದಂತೆ ಮದುಮಗ ದೊಡ್ಡದನ್ನು ಕುಡಿದು ಮುಗಿಸಬೇಕು.

ಒಂದು ದಿನ ಬೇಕರಿಯ ವಿಧವೆ ಅಪೊಲೋನಿಯಾ ಹಿಟ್ಟಿನ ಕೈಯಲ್ಲೇ ಕಾರ್ಖಾನೆಗೆ ನುಗ್ಗಿದಳು.

"ಲೊರೆಂಟ್ಸ್, ಪೇಟೆ ಅಂಗಡಿ ಕಿಟಕೀಲಿ ನಿಂತಿರೋ ಹೆಂಗ್ಸು ಯಾರ್ರೀ?"

"ಅದು... ಬರೀ ಗೊಂಬೆ."

"ಗೊಂಬೆಯಂತೆ ಗೊಂಬೆ! ಆ ಮೂಗು ನಂದು, ನಮ್ಮಪ್ಪ ಕೊಟ್ಟಿದ್ದು. ಕಂಡಕಂಡೋರೆಲ್ಲ ನನ್ನ ತಲೆಕೆಳಗು ಮಾಡಿ ಲಂಗದಲ್ಲಿ ವೈನ್ ಕುಡೀತಿದಾರಲ್ರೀ!"

ಸುತ್ತಲಿನ ಸುತ್ತಿಗೆಗಳೆಲ್ಲ ನಿಂತವು. ಲೊರೆಂಟ್ಸ್ ಕೆಂಪಾದ.

"ದಿನಾ ಬೆಳಿಗ್ಗೆ ನಿಮ್ಮ ಹತ್ರಾನೇ ಬ್ರೆಡ್ ತಗೋತೀನಿ. ಕೆಲ್ಸಕ್ಕೆ ಕೂತ್ರೆ ಬೇರೆ ಮುಖ ಕೈಗೆ ಬರಲ್ಲ."

"ಊರಿಗೆಲ್ಲ ತೋರಿಸಿದ್ರಿ, ನನಗೊಂದು ಮಾತು ಹೇಳೋಕೆ ಬಾಯಿರ್ಲಿಲ್ವಾ?"

"ಬೆಳ್ಳಿ ಬೈಯಲ್ಲ. ನೀವು ಬೈತೀರಿ."

ಅವಳು ಉಕ್ಕಿದ ನಗೆಯನ್ನು ನುಂಗಿಕೊಂಡು, "ಭಾನುವಾರ ಕೇಕ್ ತಿನ್ನೋಕೆ ಬನ್ನಿ, ಇನ್ನೂ ಬೈಯೋದಿದೆ" ಎಂದು ಹೊರಟಳು.

ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು. ಜೊತೆಗಾರರು ಅವನದೇ ಬಟ್ಟಲು ತಂದರು. "ಮಾಡಿದೋನಿಗೆ ಕುಡಿಯೋಕೆ ಬರಲ್ವಾ?" ಎಂದು ಜಂಬ ಕೊಚ್ಚಿಕೊಂಡು ಲೊರೆಂಟ್ಸ್ ಕುಡಿಯತೊಡಗಿದ. ಮುಕ್ಕಾಲು ಇಳಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಲಂಗ ಹರಿದೀತು, ಮೆಲ್ಲಗೆ!" ಎಂದರು. ನಗು ತಡೆಯಲಾಗದೆ ವೈನ್ ನೆತ್ತಿಗೆ ಹತ್ತಿತು, ಕೈ ಅಲುಗಿತು. ಮದುಮಗಳ ಪಾಲು ಪಕ್ಕದಲ್ಲಿದ್ದ ಪಾದ್ರಿಯ ಬಿಳಿ ಕೊರಳಪಟ್ಟಿಯ ಪಾಲಾಯಿತು.

ಅಪೊಲೋನಿಯಾ ಬಟ್ಟಲು ಕಿತ್ತುಕೊಂಡು ಎರಡನ್ನೂ ಮತ್ತೆ ತುಂಬಿಸಿದಳು. ದೊಡ್ಡದನ್ನು ಒಂದೇ ಉಸಿರಿಗೆ ಖಾಲಿ ಮಾಡಿದಳು. ಹನಿಯೂ ಚೆಲ್ಲಲಿಲ್ಲ. ಪುಟ್ಟದನ್ನು ಗಂಡನ ಕಡೆ ಚಾಚಿ, "ತಗೊಳ್ಳಿ, ನಿಮಗಿದೇ ಸರಿ" ಎಂದಳು.

ಮದುವೆಯ ನಂತರ ಲೊರೆಂಟ್ಸ್ ಹೆಂಡತಿಯ ಮರ್ಯಾದೆಗೆ ಅಂಜಿ ಗೊಂಬೆಗೆ ಬೇರೆ ಮುಖ ಕೆತ್ತಿದ, ಎಳೆಯದು, ಸಣ್ಣ ಮೂಗಿನದು. ಅಪೊಲೋನಿಯಾ ಅದನ್ನು ನೋಡಿ ಒಂದೇ ಮಾತು ಕೇಳಿದಳು: "ಯಾರಿವಳು?" ಮರುದಿನವೇ ಹಳೆಯ ಮುಖ ಮರಳಿತು.

ಕಣ್ಣು ಮಂಜಾದ ಮೇಲೆ ಅವನು ಬೇಕರಿಯಲ್ಲಿ ಕೂತು ಶುಂಠಿ ಬಿಸ್ಕತ್ತಿನ ಹೆಂಗಸರನ್ನು ಮಾಡತೊಡಗಿದ. ಇಷ್ಟು ಚೆಂದದ್ದನ್ನು ತಿನ್ನುವುದು ಹೇಗೆ ಎಂದು ಗಿರಾಕಿಗಳು ಹಿಂಜರಿದರೆ, ಅಪೊಲೋನಿಯಾ ಒಂದನ್ನೆತ್ತಿ ತಲೆಯನ್ನು ಕರಕ್ಕನೆ ಕಡಿದು, "ಹೀಗೆ" ಎನ್ನುತ್ತಿದ್ದಳು.